ಅನನ್ಯಾಳನ್ನು ಹೊರಗೆ ಕರೆಯದ ಸಂಜೆ

ಅಪ್ಪ,

ಕಳೆದ ತಿಂಗಳು ಒಬ್ಬ ಹುಡುಗಿಯನ್ನು ಗೊತ್ತಿದ್ದೂ ಅಪಾಯಕ್ಕೆ ದೂಡಿದೆ. ಇದನ್ನು ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ನೀವು ತೀರಿಕೊಂಡ ವರ್ಷವೇ ನಾನು ಪ್ಲೇನ್‌ಫೀಲ್ಡಿನ ಶಾಲೆಯೊಂದರಲ್ಲಿ ಹುಡುಗಿಯರ ವಾಲಿಬಾಲ್ ಕೋಚ್ ಆದೆ. ಹದಿನೈದರ ಅನನ್ಯಾ ನನ್ನ ತಂಡದ ಜೀವ. ಆ ಸಂಜೆ ಕೊನೆಯ ಸೆಟ್‌ನಲ್ಲಿ ಚೆಂಡಿಗೆ ಹಾರಿ ಬಿದ್ದವಳ ತಲೆ ನೆಲಕ್ಕೆ ಬಡಿಯಿತು. ಎದ್ದು ಮೊದಲು ನನ್ನ ಮುಖ ನೋಡಿದಳು. "ಐ ಆಮ್ ಫೈನ್, ಕೋಚ್." ಅವಳ ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ನನಗೆ ಕಂಡಿತು ಅಪ್ಪ, ಚೆನ್ನಾಗಿಯೇ ಕಂಡಿತು. ಆದರೆ ಗೆಲ್ಲಲು ನಾಲ್ಕೇ ಪಾಯಿಂಟ್ ಬೇಕಿತ್ತು... ಹೊರಗೆ ಕರೆಯಲಿಲ್ಲ. ಎರಡು ಸರ್ವ್ ಆಗುವಷ್ಟರಲ್ಲಿ ಅವಳು ನೆಟ್ ಹತ್ತಿರ ಕುಸಿದು ವಾಂತಿ ಮಾಡಿದಳು.

ಆಂಬುಲೆನ್ಸ್ ಹಿಂದೆ ಡ್ರೈವ್ ಮಾಡುತ್ತಿದ್ದಾಗ ಆಬರ್ನ್ ಹಿಲ್ಸ್‌ನ ನಾನು ಬೆಳೆದ ನಮ್ಮ ಮನೆ ನೆನಪಾಯಿತು. ಕಾರ್ ಕಂಪನಿಯಿಂದ ಬಂದವರೇ ಬ್ಯಾಗನ್ನೂ ಒಳಗಿಡದೆ ಗ್ಯಾರೇಜ್ ಮುಂದೆ ನನಗೆ ಚೆಂಡು ಎಸೆಯುತ್ತಿದ್ದಿರಿ. ಇಡೀ ದಿನದಲ್ಲಿ ಆ ಒಂದು ಗಂಟೆ ನೀವು ನನ್ನೊಬ್ಬಳಿಗೇ ಸಿಗುತ್ತಿದ್ದಿರಿ. ಗೆದ್ದ ದಿನ ಐಸ್‌ಕ್ರೀಮ್. ಸೋತ ದಿನ ಮನೆ ತಲುಪುವವರೆಗೂ ಕಾರಿನಲ್ಲಿ ಒಂದು ಮಾತಿಲ್ಲ. ಆ ಮೌನಕ್ಕೆ ನಾನೆಷ್ಟು ಹೆದರುತ್ತಿದ್ದೆ, ಗೊತ್ತಿತ್ತಾ ನಿಮಗೆ? ಎಂಟನೇ ಕ್ಲಾಸಿನಲ್ಲಿ ಬೆರಳು ಮುರಿದಾಗ ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ ಮೂರು ಮ್ಯಾಚ್ ಆಡಿದೆ. "ಏನಾಯ್ತು ಪುಟ್ಟಿ ಕೈಗೆ?" ಅಂದಿರಿ. "ಏನಿಲ್ಲಪ್ಪ" ಅಂದೆ. ನೀವು ನಿಜಕ್ಕೂ ನಂಬಿದಿರಾ, ಇಲ್ಲಾ ನನ್ನ ಹಾಗೆ ನೀವೂ...

ಆಸ್ಪತ್ರೆಯಲ್ಲಿ ಅನನ್ಯಾಳ ಅಮ್ಮ ಸುಮಾ ನನ್ನ ಮೇಲೆ ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು: "ಜ್ವರ ಬಂದ್ರೂ ಕೋಚ್‌ಗೆ ಹೇಳ್ಬೇಡಮ್ಮ ಅಂತಾಳೆ. ನಿಮ್ಮನ್ನ ಕಂಡ್ರೆ ಅವಳಿಗೆ ಅಷ್ಟು ಭಯ ಯಾಕೆ?" ನನ್ನ ಹಾಗೆ ಯಾವ ಹುಡುಗಿಯೂ ಹೆದರಿ ಆಡಬಾರದು ಅಂದುಕೊಂಡೇ ಕೋಚ್ ಆಗಿದ್ದೆ. ಸ್ಕ್ಯಾನ್ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತೇ ಇದ್ದೆ. ಆ ಮಗು ಏಳದೇ ಹೋದರೆ? ಕೊನೆಗೆ ಡಾಕ್ಟರ್ ಬಂದು, ತಲೆಗೆ ಪೆಟ್ಟಾಗಿದೆ, ಒಳಗೆ ರಕ್ತ ಸೋರಿಲ್ಲ, ಆದರೆ ಈ ಸೀಸನ್ ಪೂರ್ತಿ ಆಡುವಂತಿಲ್ಲ ಅಂದರು.

ಆಮೇಲೆ ನಡೆದ ಪೇರೆಂಟ್ಸ್ ಮೀಟಿಂಗ್‌ನಲ್ಲಿ ನಾನು ಸುಮ್ಮನಿರಬಹುದಿತ್ತು. ಅವಳ ಕಣ್ಣನ್ನು ನಾನು ಗಮನಿಸಿದ್ದು ಇನ್ಯಾರಿಗೂ ಗೊತ್ತಿರಲಿಲ್ಲ. ಆದರೂ ಎದ್ದು ನಿಂತು ಹೇಳಿದೆ, ನೋಡಿದೆ, ನೋಡಿಯೂ ಆಡಿಸಿದೆ ಅಂತ. ಶಾಲೆಯವರು ಎರಡು ವಾರ ನನ್ನನ್ನು ತಂಡದಿಂದ ದೂರ ಇಟ್ಟರು. ಪಾರ್ಕಿಂಗ್ ಲಾಟಿನಲ್ಲಿ ಸುಮಾ ನನ್ನನ್ನು ನಿಲ್ಲಿಸಿದರು. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಕ್ಷಮಿಸೋಕೆ ನಂಗೆ ಸ್ವಲ್ಪ ಟೈಮ್ ಬೇಕು."

ಈಗ ಮತ್ತೆ ವಾಲಿಬಾಲ್ ಕೋರ್ಟಿಗೆ ಬಂದಿದ್ದೇನೆ. ಹುಡುಗಿಯರು ಹಾರಿದಾಗಲೆಲ್ಲ ಅವರ ಕಾಲು ನೆಲ ಮುಟ್ಟುವವರೆಗೆ ನನಗೆ ಉಸಿರಾಡಲಾಗುವುದಿಲ್ಲ. ಈ ಭಯ ಹೋಗುತ್ತದಾ? ಹೋಗಬೇಕಾ?

ನಿನ್ನೆಯ ಸುದ್ದಿ ಕೇಳಿ. ಆಟ ಸಮ ಸಮ ನಿಂತಿತ್ತು. ಬಾಯೇ ಬಿಡದ ನೇಹಾ ಎಂಬ ಹುಡುಗಿ ಆಟದ ನಡುವೆ ಕೈ ಎತ್ತಿದಳು. "ಕೋಚ್, ಮೈ ನೀ ಹರ್ಟ್ಸ್." ತಕ್ಷಣ ಹೊರಗೆ ಕರೆದೆ, ನೋಯುತ್ತಿದ್ದ ಮಂಡಿಗೆ ಐಸ್ ಇಟ್ಟೆ. ಅವಳ ಬದಲಿಗೆ ಹೋದವಳು ಎರಡು ಸರ್ವ್ ನೆಟ್‌ಗೆ ಹೊಡೆದಳು. ನಾವು ಸೋತೆವು, ಅಪ್ಪ.

ಆದರೆ ಅವಳು ಕೈ ಎತ್ತಿದಳು. ನನ್ನ ಮುಖ ನೋಡಿಯೂ ಕೈ ಎತ್ತಿದಳು.

ನಿಮ್ಮ
ರಶ್ಮಿ