ಆರು ಇಂಚು

ಆಗಸ್ಟ್ 18, ಸೋಮವಾರ. ಬೆಳಿಗ್ಗೆ 6.40

ಇಪ್ಪತ್ತು ಸುತ್ತು ಓಡಿದ್ದಾಯಿತು. ಶೂ ಹೊಲಿಸಬೇಕು. ನಿಡೋಣಿ ಬಸ್ಸು ಇನ್ನೂ ಇಲ್ಲ, ಅಂದರೆ ಮಹಾದೇವ ಇಲ್ಲ — ನಮ್ಮ ಆರಡಿ ಎರಡಿಂಚಿನ ಸೆಂಟರ್. ಗೊಲ್ಲಾಳಪ್ಪ ಒಬ್ಬನೇ ರಿಂಗಿಗೆ ಎಸೆಯುತ್ತಿದ್ದಾನೆ. ಹತ್ತಕ್ಕೆ ಎಂಟು. ನಮ್ಮ ಬಬಲೇಶ್ವರದ ಕಾಲೇಜಿಗೂ ಬಾಸ್ಕೆಟ್‌ಬಾಲ್ ಟೀಮ್ ಇದೆ ಎಂದರೆ ವಿಜಯಪುರದವರು ನಗುತ್ತಾರಂತೆ. ನಗಲಿ. ಶನಿವಾರ ಅವರೂರಲ್ಲೇ ಲೀಗ್ ಶುರು. ಮೂರು ಕಾಲೇಜು, ಎರಡು ಸುತ್ತು, ಎಲ್ಲ ಮ್ಯಾಚೂ ಅಲ್ಲೇ. ಕ್ಯಾಪ್ಟನ್ ನಾನು.

ನಮ್ಮ ಕೋರ್ಟಿನ ನೆಲ ಹಾಕಿದ್ದು ನಮ್ಮಪ್ಪ, ಅಬ್ಬಾ. ಸುಗ್ಗಿಯಲ್ಲಿ ಊರವರು ಅಲ್ಲೇ ಜೋಳ ಒಣಗಿಸುತ್ತಾರೆ. ಹಳೆಯ ನೆಲ ಬಿರುಕು ಬಿಟ್ಟು ಕಾಳೆಲ್ಲ ಒಳಗೆ ಹೋಗುತ್ತಿತ್ತು. ಹೋದ ವರ್ಷ ಊರವರೇ ಸಿಮೆಂಟ್ ತಂದರು. ಗಾರೆ ಕೆಲಸದ ಗೌಂಡಿ ಲಾಡಲೇಸಾಬ, ಅಂದರೆ ಅಬ್ಬಾ, ಪುಕ್ಕಟೆ ದುಡಿದು ಹಳೆಯದರ ಮೇಲೆಯೇ ಹೊಸದು ಹಾಕಿದರು. “ಮಗಾ ಆಡೂ ಜಾಗಾ. ನೀರ್ ಸುರುವಿದ್ರ ಎಲ್ಲೂ ನಿಂದ್ರೂದಿಲ್ಲ, ನೋಡ್ರಿ” ಅಂತ ಇನ್ನೂ ಕಂಡಕಂಡವರಿಗೆ ಹೇಳುತ್ತಾರೆ.

ಆಗಸ್ಟ್ 23, ಶನಿವಾರ

19–64.

ಬರೆಯಬಾರದು ಅಂದುಕೊಂಡಿದ್ದೆ. ಬರೆದೆ. ಎಸೆದದ್ದೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್. ಗೊಲ್ಲಾಳಪ್ಪ ಹತ್ತಕ್ಕೆ ಒಂದು. ಗ್ಯಾಲರಿಯಿಂದ ಒಬ್ಬ ಕೂಗಿದ — “ಲೇ, ಇವ್ರು ಜ್ವಾಳಾ ತೂರಾಕ ಬಂದಾರೋ, ಬಾಲ್ ಒಗ್ಯಾಕ ಬಂದಾರೋ?” ಇಡೀ ಹಾಲ್ ನಕ್ಕಿತು.

ದೇವಾನಂದ ಸರ್ ಕೋಚ್. ಮೂಲತಃ ಕಬಡ್ಡಿಯವರು. “ತೊಡಿ ಗಟ್ಟಿ ಮಾಡ್ಕೋರಿ” ಅಂದರು. ತೊಡೆ ಗಟ್ಟಿಯೇ ಇದೆ ಸರ್.

ಆಗಸ್ಟ್ 30

ಟಿಕೋಟಾದವರ ಜೊತೆ. 27–38. ಮತ್ತೆ ಅದೇ. ಮುಂದಿನ ಅಂಚು.

ಸೆಪ್ಟೆಂಬರ್ 1

ಪ್ರಿನ್ಸಿಪಾಲ್ ಕರೆಸಿದ್ದರು.

“ಎರಡ ಮ್ಯಾಚ್ ಉಳದಾವಲ್ಲ? ಒಂದರೆ ಗೆಲ್ರಿ. ಇಲ್ಲಂದ್ರ ಆ ಕೋರ್ಟಿನ್ಯಾಗ ಬೈಕ್ ನಿಲ್ಲಸೂಣು. ಸುಮ್ನ ಜಾಗಾ ದಂಡ.”

“ಗೆದ್ದ ತೋರಸ್ತೀವ್ರಿ ಸರ್” ಅಂದೆ. ಹೊರಗೆ ಬಂದು ಸೋತ ಎರಡು ಮ್ಯಾಚಿನ ಸ್ಕೋರ್ ಮತ್ತೆ ಲೆಕ್ಕ ಹಾಕಿದೆ. ಆದರೂ ಅಂದದ್ದು ಅಂದೆ.

ಸೆಪ್ಟೆಂಬರ್ 6

ಟಿಕೋಟಾ ಜೊತೆಗೇ. 24–35. ಬರೆಯಬೇಕಾದದ್ದು ಇದಲ್ಲ.

ಮ್ಯಾಚ್ ಮುಗಿದ ಮೇಲೆ ಮಹಾದೇವ ಸಿಟ್ಟಿಗೆ ಹಾರಿ ರಿಂಗ್ ಹಿಡಿಯಲು ಹೋದ. ಸಿಗಲಿಲ್ಲ. ಮತ್ತೆ ಹಾರಿದ… ಸಿಗಲಿಲ್ಲ. ನಮ್ಮ ಕೋರ್ಟಿನಲ್ಲಿ ದಿನಾ ಅದಕ್ಕೇ ಜೋತಾಡುತ್ತಾನೆ.

“ಲೇ ಯುನುಸ, ಇವ್ರ ರಿಂಗ್ ಎತ್ತರ ಐತಲೇ!”

ಊರಿಗೆ ಬಂದವರೇ ಅಬ್ಬಾನ ಚೀಲದಿಂದ ಟೇಪ್ ತಂದು ಅಳೆದೆವು. ಇರಬೇಕಾದದ್ದು ಹತ್ತು ಅಡಿ. ಇರುವುದು ಒಂಬತ್ತೂವರೆ. ನೆಲ ಆರು ಇಂಚು ಮೇಲೆ ಬಂದಿದೆ, ಕಂಬ ಮಾತ್ರ ಇದ್ದಲ್ಲೇ ಇದೆ. ನಾವೆಲ್ಲ ಚೆಂಡು ಹಿಡಿಯಲು ಕಲಿತದ್ದೇ ಈ ಹೊಸ ನೆಲದ ಮೇಲೆ. ಗಿಡ್ಡ ರಿಂಗಿಗೆ ಕೈ ಕೂತುಬಿಟ್ಟಿದೆ.

ಮನೆಗೆ ಬಂದು ಅಂದುಬಿಟ್ಟೆ — “ಅಬ್ಬಾ, ನೀವು ಕೋರ್ಟ್ ಮಾಡಿಲ್ಲ, ಜ್ವಾಳದ ಕಣಾ ಮಾಡೀರಿ.”

ಅಬ್ಬಾ ಉಣ್ಣುತ್ತಿದ್ದರು. ರೊಟ್ಟಿ ಮುರಿದ ಕೈ ಹಾಗೇ ನಿಂತಿತು. ಎಲುಬಿಲ್ಲದ ನಾಲಿಗೆ. ನಾಚಿಕೆಯಾಗುತ್ತಿದೆ.

ಸೆಪ್ಟೆಂಬರ್ 7, ರವಿವಾರ

ಎದ್ದಾಗ ಅಬ್ಬಾ ಮನೆಯಲ್ಲಿರಲಿಲ್ಲ. ಕೋರ್ಟಿಗೆ ಹೋದರೆ ಏಣಿಯ ಮೇಲಿದ್ದರು. ಕೆಳಗೆ ಅಕ್ರಮಣ್ಣ, ನಮ್ಮ ದೊಡ್ಡಪ್ಪನ ಮಗ. ಇಬ್ರಾಹಿಂಪುರದಲ್ಲಿ ಅವನದು ವೆಲ್ಡಿಂಗ್ ಅಂಗಡಿ. ಮಷಿನ್ ಸಮೇತ ಟಂಟಂ ಆಟೋ ಹತ್ತಿಸಿ ಅಬ್ಬಾ ಕರೆಸಿದ್ದಾರೆ.

“ನೆಲಾ ಒಡ್ಯಾಕ ಬರೂದಿಲ್ಲ. ರಿಂಗ್ ಏರಸಾಕ ಬರತೈತಿ” ಅಂದರು ಅಬ್ಬಾ. “ತಪ್ಪು ನಂದೈತಿ. ಟೇಪ್ ಹಿಡಿ.”

ತಪ್ಪಾಯಿತು ಅಬ್ಬಾ ಅಂತ ನಾನೇ ಹೇಳಬೇಕಿತ್ತು. ಟೇಪ್ ಹಿಡಿದೆ.

“ಪ್ರಿನ್ಸಿಪಾಲರ್ನ ಕೇಳೀರೇನ್ರಿ ಕಾಕಾ?” ಗೊಲ್ಲಾಳಪ್ಪ ಕೇಳಿದ.

“ಪುಕ್ಕಟೆ ನೆಲಾ ಹಾಕುವಾಗ ಯಾರ್ ಕೇಳಿದ್ರಪ್ಪಾ?”

ಸೆಪ್ಟೆಂಬರ್ 8

ಏರಿಸಿದ ರಿಂಗಿಗೆ ಹತ್ತಕ್ಕೆ ಎರಡು. ಎಲ್ಲರದೂ.

ಸೆಪ್ಟೆಂಬರ್ 16

ಹತ್ತಕ್ಕೆ ಆರು. ಭುಜ ಎತ್ತಲು ಬರುತ್ತಿಲ್ಲ. ಬರದಿದ್ದರೂ ಎತ್ತುತ್ತೇನೆ.

ಸೆಪ್ಟೆಂಬರ್ 20, ಶನಿವಾರ

ಕಡೆಯ ಮ್ಯಾಚ್. ಮತ್ತೆ ವಿಜಯಪುರದವರ, ಆ ಅರವತ್ನಾಲ್ಕರವರ ಜೊತೆ. 51–53.

ಸೋತೆವು. ಕಡೆಯ ಎಸೆತ ನನ್ನದೇ. ಈ ಸಲ ಹಿಂದಿನ ಅಂಚಿಗೆ ಬಡಿಯಿತು — ಜಾಸ್ತಿ ಎತ್ತಿಬಿಟ್ಟೆ. ಅಳುವುದಿಲ್ಲ. ಹತ್ತೊಂಬತ್ತು ಇದ್ದದ್ದು ಐವತ್ತೊಂದು ಆಗಿದೆ. ಜೋಳ ತೂರುವವರು ಅಂದಿದ್ದವನು ಅಲ್ಲೇ ಕೂತಿದ್ದ. ಇವತ್ತು ಬಾಯಿ ಬಿಡಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ನೋಟಿಸ್ ಹಚ್ಚಿದ್ದಾರೆ. ಕೋರ್ಟ್ ಇನ್ನು ಬೈಕ್ ಪಾರ್ಕಿಂಗ್. ಎರಡು ಪಾಯಿಂಟಿಗೆ!

ಹಳದಿ ಗೆರೆ ಹೊಡೆಯುವ ಕೆಲಸ ಯಾರಿಗೆ? ಕಾಲೇಜಿನ ಸಣ್ಣಪುಟ್ಟದ್ದಕ್ಕೆಲ್ಲ ಕರೆಯುವ ಗೌಂಡಿಗೆ. ಅಬ್ಬಾಗೆ. “ಹೂಂ ಅಂದೀನಿ” ಅಂದರು, ನನ್ನ ಮುಖ ನೋಡದೆ. ನಾನು ಉಣ್ಣಲಿಲ್ಲ.

ಸೆಪ್ಟೆಂಬರ್ 23. ಬೆಳಿಗ್ಗೆ 8.50

ಐದಕ್ಕೇ ಅಬ್ಬಾ ಎಬ್ಬಿಸಿದರು.

“ಫ್ರೀ ಥ್ರೋ ಗೆರಿ ಬೋರ್ಡಿನಿಂದ ಎಷ್ಟ ಅಡಿ?”

ಹದಿನೈದು ಅಂದೆ. ಆಮೇಲೆ ಅರ್ಥವಾಯಿತು.

ಕೋರ್ಟಿನ ಪಕ್ಕದ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಬಣ್ಣ ಕಾಲೇಜಿನದೇ. ಫ್ರೀ ಥ್ರೋ ಗೆರೆ, ನಡುವಿನ ವೃತ್ತ, ಮೂರು ಪಾಯಿಂಟಿನ ಕಮಾನು, ಸುತ್ತಲಿನ ಗೆರೆ. ಇಷ್ಟು ದಿನ ಇಟ್ಟಂಗಿ ಚೂರಿನಿಂದ ಗೀಚಿಕೊಂಡು ಆಡಿದವರು ನಾವು. ಬೈಕಿಗೆ ಅಂತ ಒಂದೇ ಒಂದು ಗೆರೆ ಇಲ್ಲ. ಹುಡುಗರೆಲ್ಲ ಬಂದಿದ್ದಾರೆ. ನಿಡೋಣಿ ಬಸ್ಸು ಕೂಡ ಇವತ್ತು ಟೈಮಿಗೆ.

“ಇನ್ನ ಕಾಲೇಜಿನವ್ರು ನಿಮ್ಮನ್ನ ಕೆಲಸಕ್ಕ ಕರಿಯೂದಿಲ್ಲ ಅಬ್ಬಾ.”

“ಬಿಡಲಿ. ಈ ಸಲ ಅಳತಿ ಬರೋಬ್ಬರಿ ಐತಿ.”

ತಪ್ಪಾಯಿತು ಅಂತ ಈಗ ಹೇಳಿದೆ. “ಬಣ್ಣಾ ತುಳೀಬ್ಯಾಡ” ಅಂದರು, ಅಷ್ಟೇ.

ಪ್ರಿನ್ಸಿಪಾಲರ ಕಾರು ಗೇಟಿನಲ್ಲಿ. ಇಳಿದರು. ಇತ್ತಲೇ ಬರುತ್ತಿದ್ದಾರೆ. ಅಬ್ಬಾ ಬ್ರಶ್ ಡಬ್ಬಿಯ ಮೇಲಿಟ್ಟು ಗೆರೆಯ ಈಚೆ ನಿಂತರು. ಮಹಾದೇವ, ಗೊಲ್ಲಾಳಪ್ಪ ಎದ್ದು ಅವರ ಪಕ್ಕಕ್ಕೆ ಹೋದರು. ಚೆಂಡು ನನ್ನ ಹತ್ತಿರ ಇದೆ. ನಾನೂ —