ನಾಡಿ ಪುಸ್ತಕದ ಐವತ್ತಾರು

ಮಾರ್ಚ್ 5, ಬುಧವಾರ

ಎದ್ದೆ. ನಾಡಿ ಎಣಿಸಲಿಲ್ಲ. ಜಿಮ್ಮಿಗೆ ಹೋಗಿ, ಬಾಗಿಲಿಗೆ ದಾರ ಕಟ್ಟಿ ನೇತುಹಾಕಿರುವ ನಾಡಿ ಪುಸ್ತಕದಲ್ಲಿ ಐವತ್ತಾರು ಎಂದು ಬರೆದೆ. ಒಂದು ತಿಂಗಳಿಂದ ನನ್ನದು ಐವತ್ತನಾಲ್ಕು, ಐವತ್ತಾರು, ಐವತ್ತೈದು... ಎಷ್ಟು ಚೆಂದ!

ಚಿಚೊ ಸ್ಪಾಸ್ ನೋಡಿ ಖುಷಿಪಟ್ಟರು. ಕೋಚ್ ಅವರು, ಆದರೆ ನಮಗೆಲ್ಲ ಚಿಚೊ, ಅಂದರೆ ಚಿಕ್ಕಪ್ಪ. ಅವರದು ಒಂದೇ ಹಟ. ಬೆಳಿಗ್ಗೆ ನಾಡಿ ಮಾಮೂಲಿಗಿಂತ ಹತ್ತು ಹೆಚ್ಚಿದ್ದರೆ ಆ ದಿನ ಭಾರ ಎತ್ತುವ ಬಾರ್ ಮುಟ್ಟುವಂತಿಲ್ಲ. ಬುಧವಾರ, ಭಾನುವಾರವಂತೂ ಯಾರೂ ಮುಟ್ಟುವಂತಿಲ್ಲ. ಬಿಸಿನೀರ ಬುಗ್ಗೆಯ ಸ್ನಾನದ ಮನೆ, ಊಟ, ನಿದ್ದೆ. ಅಷ್ಟೇ.

"ಎತ್ತೋವಾಗ ಮೈ ಬಲ ಆಗಲ್ಲ ಕಣಮ್ಮ, ಒಡೆಯುತ್ತೆ. ಮಲಗಿದಾಗ ಕೂಡ್ಕೊಳ್ಳುತ್ತೆ. ನಮ್ ಕಾಲ್ದಲ್ಲಿ ದಿನಾ ಎತ್ತಿಸ್ತಿದ್ರು. ಈಗ ನೋಡು, ತಲೆ ಬಾಚೋಕೂ ಕೈ ಮೇಲಕ್ಕೆ ಹೋಗಲ್ಲ. ಬಾಚೋಕೆ ಕೂದಲೂ ಇಲ್ಲ ಅನ್ನು!"

"ಸಾಕು ಚಿಚೊ, ಸಾವಿರ ಸಲ ಕೇಳಿದ್ದೀನಿ."

"ಬಿಸಿನೀರಿಗೆ ತಾನೇ ಹೋಗ್ತಿರೋದು, ನೆವೆನಾ?"

"ಮತ್ತಿನ್ನೆಲ್ಲಿಗೆ?"

ಹೋದದ್ದು ನಮ್ಮ ಕಟ್ಟಡದ ನೆಲಮಾಳಿಗೆಗೆ. ಅಮ್ಮನ ಉಪ್ಪಿನಕಾಯಿ ಜಾಡಿಗಳ ನಡುವೆ ಅಪ್ಪನ ಹಳೆಯ ಬಾರ್. ಅದನ್ನು ಹೊತ್ತು ಕೂತು ಏಳುವ ಸ್ಕ್ವಾಟ್, ಏಳು ಸೆಟ್. ಆಮೇಲೆ ತಲೆಗೆ ನೀರು ಸುರಿದುಕೊಂಡೆ. ಸ್ನಾನದ ಮನೆಯಿಂದ ಬಂದವಳ ಹಾಗೆ ಕಾಣಬೇಕಲ್ಲ. ಥೂ.

ಆದರೆ ಇಪ್ಪತ್ತೇಳು ವರ್ಷವಾಯಿತು. ಹೋದ ವರ್ಷ ಮೂರು ಕಿಲೋದಲ್ಲಿ ದೇಶದ ತಂಡ ತಪ್ಪಿತು. 23ಕ್ಕೆ ಮತ್ತೆ ಆಯ್ಕೆ. ಇದೇ ಕೊನೆ. ಮಲಗಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಮಾರ್ಚ್ 9, ಭಾನುವಾರ

ಸಿಕ್ಕಿಬಿದ್ದೆ. ಮೇಲಿನ ಮನೆಯ ಗೆರ್ಗಿನಾ ಜಾಡಿ ತರಲು ಕೆಳಗಿಳಿದಿದ್ದಾಳೆ, ನನ್ನ ಹೆಗಲ ಮೇಲೆ ನೂರು ಕಿಲೋ. ನಮ್ಮ ಜಿಮ್ಮಿನವಳೇ. ವಯಸ್ಸು ಹತ್ತೊಂಬತ್ತು.

"ಕಳ್ಳಿ! ಒಬ್ಬಳೇ ಬಲ ಕೂಡಿಸ್ಕೋತಿದ್ದೀಯಾ ಅಕ್ಕಾ? ನಂಗೂ ಎತ್ತೋಕೆ ಬಿಡು. ಇಲ್ಲಾಂದ್ರೆ ಚಿಚೊಗೆ ಹೇಳ್ತೀನಿ ನೋಡು!"

ನಗುತ್ತಲೇ ಅಂದಳು. ಚಾಡಿ ಹೇಳುವ ಪೈಕಿ ಅಲ್ಲ ಅವಳು. ಬೇಡ, ಹೋಗಿ ಮಲಗು ಅನ್ನಬಹುದಿತ್ತು. ಅನ್ನಲಿಲ್ಲ. ಹಿಂದೆ ನಿಂತು ಬಾರ್ ಹಿಡಿಯಲು ಒಬ್ಬರು ಸಿಕ್ಕರಲ್ಲ ಎಂದು ಹಿತವೇ ಆಯಿತು.

ಮಾರ್ಚ್ 13, ಗುರುವಾರ. ಬೆಳಿಗ್ಗೆ ಎಂಟು

ನಿನ್ನೆಯೂ ಇಬ್ಬರೂ ಕೆಳಗೆ. ಇವತ್ತು ಪುಸ್ತಕದ ಮುಂದೆ ಗೆರ್ಗಿನಾ ಪೆನ್ನು ಹಿಡಿದು ನಿಂತೇ ಇದ್ದಳು.

"ಎಪ್ಪತ್ತೊಂದು ಬಂತಕ್ಕಾ. ನಿದ್ದೇನೂ ಆಗಿಲ್ಲ, ಮೊಣಕೈ ಒಂಥರಾ ಭಾರ. ಏನ್ ಬರೀಲಿ?"

"ಐವತ್ತೆಂಟು."

"ಇವತ್ತು ಬಿಟ್ಬಿಡ್ಲಾ?"

"ಬಿಟ್ರೆ ನಿನ್ನೆ ಎಲ್ಲಿದ್ದೆ ಅಂತ ಕೇಳ್ತಾರೆ. ಸುಮ್ನೆ ಬರಿ."

ಬರೆದಳು.

ಅದೇ ದಿನ, ಮಧ್ಯಾಹ್ನ

ಗೆರ್ಗಿನಾಳ ಎಡ ಮೊಣಕೈ. ಎಪ್ಪತ್ತೆರಡು ಕಿಲೋ ತಲೆಯ ಮೇಲೆ ಹೋಗಿತ್ತು. ಕೈ ಮಡಚಿಕೊಂಡಿತು — ಮಡಚಬಾರದ ಕಡೆಗೆ. ಅವಳು ನನ್ನನ್ನೇ ನೋಡಿದಳು.

ಮಾರ್ಚ್ 17, ಸೋಮವಾರ

ಮೂರು ದಿನ ಬರೆಯಲಿಲ್ಲ. ಏನು ಮುಖವಿಟ್ಟುಕೊಂಡು ಬರೆಯಲಿ? ಆಪರೇಷನ್ ಆಯಿತು. ಮತ್ತೆ ಭಾರ ಎತ್ತುವುದು ಅನುಮಾನ ಎಂದರಂತೆ ಡಾಕ್ಟರು. ಗೆರ್ಗಿನಾ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಆಸ್ಪತ್ರೆಗೆ ಹೋದಾಗ "ನೀನ್ ಮೊದ್ಲು ಗೆದ್ದು ಬಾ ಅಕ್ಕಾ" ಎಂದು ಪಿಸುಗುಟ್ಟಿದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಸಂಜೆ ಜಿಮ್ಮಿನಲ್ಲಿ ಚಿಚೊ ಒಬ್ಬರೇ. ತೊಡೆಯ ಮೇಲೆ ಆ ಪುಸ್ತಕ.

"ನೋಡು. ನಾಡಿ ಸರಿ. ವಿಶ್ರಾಂತಿ ಸರಿ. ಆದ್ರೂ ಮಗು ಕೈ ಹೋಯ್ತು. ಇಪ್ಪತ್ತು ವರ್ಷ ನಿಮಗೆಲ್ಲ ಬೊಗಳೆ ಬಿಟ್ನಲ್ಲ ನೆವೆನಾ! ಹಳಬರೇ ಸರಿ. ಇನ್ಮೇಲೆ ಬುಧವಾರ ಇಲ್ಲ, ಭಾನುವಾರ ಇಲ್ಲ. ಚಿಕ್ಕೋರೂ ದಿನಾ ಎತ್ಲಿ."

ಚಿಕ್ಕವರೆಂದರೆ ಹದಿಮೂರು, ಹದಿನಾಲ್ಕರ ಹುಡುಗಿಯರು. ಹೇಳಬೇಕಿತ್ತು. ಆಗಲೇ, ಅಲ್ಲೇ. ಆಯ್ಕೆಗೆ ಇನ್ನು ಆರೇ ದಿನ ಎಂದು ನೆನಪಾಯಿತು. "ಹ್ಞೂಂ ಚಿಚೊ" ಅಂದುಬಿಟ್ಟೆ. ನಾನು ಮನುಷ್ಯಳೇ?

ಮಾರ್ಚ್ 19, ಬುಧವಾರ

ಬುಧವಾರ, ಜಿಮ್ ತುಂಬ ಜನ. ಪುಟ್ಟ ಯೋವ್ಕಾ ಬಾರ್ ಹೊತ್ತು ಕೂತವಳು ಏಳಲಾರದೆ ಗಡಗಡ ನಡುಗುತ್ತಿದ್ದಳು. "ಏಳು, ಏಳು" ಎನ್ನುತ್ತಿದ್ದರು ಚಿಚೊ. ಅವರ ದನಿಯೇ ಅಲ್ಲ ಅದು. ತಡೆಯಲಾಗಲಿಲ್ಲ. ಓಡಿಹೋಗಿ ಬಾರ್ ಹಿಡಿದು ಕೆಳಗಿಳಿಸಿದೆ.

ಎಲ್ಲರೆದುರೇ ಹೇಳಿದೆ. ನೆಲಮಾಳಿಗೆ, ಗೆರ್ಗಿನಾಳ ಎಪ್ಪತ್ತೊಂದು, ಐವತ್ತೆಂಟು ಎಂದು ಬರೆಸಿದ್ದು ನಾನೇ ಎಂದು. "ನಿಮ್ಮದೇನೂ ತಪ್ಪಿಲ್ಲ ಚಿಚೊ. ನೀವ್ ಹೇಳಿದ್ದನ್ನ ನಾವು ಮಾಡ್ಲೇ ಇಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಮೇಲಿತ್ತು. ಗೋಡೆಗೆ ಒರಗಿ ಕೂತರು. ಹುಡುಗಿಯರಿಗೆ "ಮನೆಗ್ ಹೋಗಿ, ಮಲ್ಕೊಳ್ಳಿ" ಅಂದರು. ನನ್ನ ಮುಖ ನೋಡಲಿಲ್ಲ.

"ನಂಗೆ ಹೇಳಿದ್ದಾಯ್ತು. ಗೆರ್ಗಿನಾ ತಾಯಿಗೆ ಹೇಳಿದ್ಯಾ?"

ಮಾರ್ಚ್ 20, ಗುರುವಾರ. ಆಸ್ಪತ್ರೆಯ ಹೊರಗಿನ ಬೆಂಚು

ಗೆರ್ಗಿನಾಳ ತಾಯಿ ದೊನ್ಕಾ ವರಾಂಡದಲ್ಲಿಯೇ ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ ಕೈಗೊಂದು ಡಬ್ಬಿ. ಬಾನಿತ್ಸಾ, ಇನ್ನೂ ಬಿಸಿ, ಒಳಗೆ ಚೀಸ್.

"ತಿನ್ನು ಮಗಳೇ. ದಿನಾ ಬರ್ತೀಯ, ಎಷ್ಟ್ ಸೊರಗಿದ್ದೀಯ! ಒಡಹುಟ್ಟಿದವ್ರೂ ಇಷ್ಟು ಮಾಡಲ್ಲ."

ನಿಂತಲ್ಲೇ ಹೇಳಿದೆ. ಅರ್ಧಕ್ಕೆ ನಿಲ್ಲಿಸಲಿಲ್ಲ. ಅವರು ನನ್ನ ಕೈಯಿಂದ ಡಬ್ಬಿ ವಾಪಸ್ ತೆಗೆದುಕೊಂಡು ಮುಚ್ಚಳ ಒತ್ತಿದರು.

"ಭಾನುವಾರ ಆಯ್ಕೆಗೆ ಹೋಗ್ತೀಯಾ?"

ಹೋಗುತ್ತೇನೆ — ಅದೇ ಬಾಯಿಗೆ ಬಂದದ್ದು. ಮೊದಲು ಬಂದದ್ದೇ ಅದು. ಅವರು ನನ್ನ ತುಟಿಯನ್ನೇ ನೋಡುತ್ತ ಕಾದು ನಿಂತಿದ್ದರು. ನಾನು ಅದನ್ನು ನುಂಗಿ, "ಇಲ್ಲ, ಹೋಗಲ್ಲ" ಅಂದೆ.