ಬೋರಯ್ಯನ ಎದೆಗಿಂತ ಟೇಪಿನ ಗಂಟು ದೊಡ್ಡದೇ?

ಆಸ್ಪತ್ರೆಯ ಮೇಲಧಿಕಾರಿಗಳೇ,

ನಿಮ್ಮ ಕೋಣೆಯಲ್ಲಿ ಕೆಂಪು ಟೇಪು ಕಟ್ಟಿಸಿಕೊಂಡು ಕೂತಿರುವ ಹೃದಯದ ಯಂತ್ರ ಕ್ಷೇಮವೇ? ನನ್ನ ಬಾಲ್ಯದ ಜೊತೆಗಾರ ಬೋರಯ್ಯನ ಹೃದಯ ಕ್ಷೇಮವಾಗಿಲ್ಲ. ಎರಡಕ್ಕೂ ಕಾರಣ ತಾವೇ ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಕಳೆದ ಆಯುಧಪೂಜೆಯ ಮಾರನೆಯ ದಿನ ಬೋರಯ್ಯನಿಗೆ ಎದೆನೋವು ಬಂತು. ನಾನೂ ಅವನ ಹೆಂಡತಿ ಮಾದಮ್ಮನೂ ಟೆಂಪೋದಲ್ಲಿ ಹಾಕಿಕೊಂಡು ಬಂದೆವು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ರಕ್ತನಾಳದ ಹೆಪ್ಪು ಕರಗಿಸುವ ಔಷಧಿಯನ್ನು ಡ್ರಿಪ್ಪಿನಲ್ಲಿ ಬಿಟ್ಟರು. ನೋವು ಇಳಿಯಿತು. ಬೋರಯ್ಯ ಕಣ್ಣು ಬಿಟ್ಟು, "ಏನ್ಲಾ ಮಲ್ಲ, ನನ್ ತಿಥಿ ವಡೆ ತಿನ್ನಕ್ಕೆ ಬಂದ್ಯಾ? ತಪ್ಪೋಯ್ತು ಕಣ್ಲಾ" ಅಂದ. "ಬಾಯ್ ಮುಚ್ಕಂಡು ಮನಿಕೊ ಸುಮ್ನೆ" ಎಂದು ಗದರಿ ಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾವು ನಕ್ಕೆವು, ಡಾಕ್ಟರಮ್ಮ ನಗಲಿಲ್ಲ. "ಈಗ್ಲೇ ತಾತ ಹುಷಾರಾಗಿರ್ಬೇಕಾದ್ದು. ನಿಂತಿದ್ದ ರಕ್ತ ವಾಪಸ್ ನುಗ್ಗಿದಾಗ್ಲೂ ಹೃದಯಕ್ಕೆ ಪೆಟ್ಟಾಗತ್ತೆ, ಬಡಿತ ದಾರಿ ತಪ್ಪತ್ತೆ. ಮಿಷನ್ ಹಾಕಿ ನೋಡ್ತಾನೇ ಇರ್ಬೇಕು, ತಪ್ಪಿದ ತಕ್ಷಣ ಶಾಕ್ ಕೊಡ್ಬೇಕು" ಅಂದರು. ಒಣಗಿದ ಕಾಲುವೆಗೆ ನೀರು ಬಿಟ್ಟವನು ಗುದ್ದಲಿ ಹಿಡಿದು ಜೊತೆಗೇ ನಡೆಯುತ್ತಾನಲ್ಲ, ಹಾಗೆ. "ಹಾಕಿ ಮತ್ತೆ" ಅಂದೆ. "ಸಾಹೇಬ್ರು ತಮ್ಮ ರೂಮಲ್ಲಿಟ್ಟು ಬೀಗ ಹಾಕಿದಾರೆ" ಅಂದರು.

ಸ್ವಾಮಿ, ಆ ಯಂತ್ರಕ್ಕೆ ಹಿಂದಿನ ದಿನವಷ್ಟೇ ತಾವು ಚೆಂಡುಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆದಿದ್ದಿರಿ. ಮಂತ್ರಿಗಳು ಬಂದು ಟೇಪು ಕತ್ತರಿಸುವ ತನಕ ಪ್ಲಗ್ಗು ಚುಚ್ಚಕೂಡದೆಂದು ನಿಮ್ಮ ಆಜ್ಞೆಯಂತೆ. ಬೀಗದ ಕೈ ನಿಮ್ಮ ಜೇಬಿನಲ್ಲಿ ಕೂತು ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತಿತ್ತು. ಉದ್ಘಾಟನೆಗೆ ಕಾದಿಟ್ಟದ್ದು ದುರ್ಘಟನೆಗೆ ಒದಗದಿದ್ದರೆ ಅದನ್ನು ಯಂತ್ರ ಅನ್ನಬೇಕೋ, ಉತ್ಸವಮೂರ್ತಿ ಅನ್ನಬೇಕೋ?

ಬೋರಯ್ಯ ಮಾತಿನ ನಡುವೆಯೇ ಕಣ್ಣು ಮೇಲೆ ಮಾಡಿದ. ಡಾಕ್ಟರಮ್ಮ ಮಂಚ ಹತ್ತಿ ಎದೆ ಒತ್ತಿದರು. ಅವರ ಬೆವರು ಅವನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್. ಜೀವವೇನೋ ಮರಳಿತು, ಅಷ್ಟರಲ್ಲಿ ಹೃದಯ ಸೋತಿತ್ತು. ಈಗ ಅವನದು ವಿಶಾಲ ಹೃದಯ ಸ್ವಾಮಿ, ಊದಿಕೊಂಡು ವಿಶಾಲವಾಗಿದೆ. ಜಗುಲಿಯಿಂದ ಬೀದಿಗೆ ಇಳಿಯಲು ಮಾದಮ್ಮನ ಭುಜ ಬೇಕು.

ಮೊನ್ನೆ ನಾನು ನಿಮ್ಮ ಗೇಟಿಗೆ "ಎದೆನೋವಿನವರು ಮಂತ್ರಿಗಳ ಪ್ರವಾಸ ವಿಚಾರಿಸಿಕೊಂಡು ಬರತಕ್ಕದ್ದು" ಎಂದು ಬೋರ್ಡು ನೇತುಹಾಕಿದೆ. ಅದನ್ನು ಕೀಳಿಸಲು ನಿಮಗೆ ಅರ್ಧ ಗಂಟೆ ಸಾಕಾಯಿತು. ಟೇಪು ಕೀಳಲು ಇನ್ನೆಷ್ಟು ದಸರಾ ಬೇಕು? ನಾಳೆ ಇನ್ನೊಬ್ಬರ ಎದೆಗೆ ರಕ್ತ ಮರಳುವಾಗ ಕಾಯುವವರು ಯಾರು?

ಬೀಗದ ಕೈಯನ್ನು ಡಾಕ್ಟರಮ್ಮನಿಗೆ ಕೊಡಿ, ಯಂತ್ರವನ್ನು ವಾರ್ಡಿಗೆ ತರಿಸಿ. ಕತ್ತರಿ ಹಿಡಿಯಲು ಗಣ್ಯರೇ ಬೇಕಾದರೆ ಬೋರಯ್ಯನನ್ನು ನಾನೇ ಕರೆತರುತ್ತೇನೆ. ಆದರೆ ನಿಮ್ಮ ಕೋಣೆ ಮಹಡಿಯ ಮೇಲಿದೆ. ಅವನು ಮೆಟ್ಟಿಲು ಹತ್ತಲಾರ. ಯಂತ್ರವೇ ಇಳಿದು ಬರಬೇಕು.

ಇಂತಿ,
ವಡೆ ತಪ್ಪಿದ್ದಕ್ಕೆ ಸಂತೋಷಪಟ್ಟು, ಉಳಿದದ್ದಕ್ಕೆಲ್ಲ ಸಂಕಟಪಡುತ್ತಿರುವ
ದೊಡ್ಡಮಲ್ಲಪ್ಪ
ಉಮ್ಮತ್ತೂರು, ಫೆಬ್ರವರಿ ೧೯೯೯